ಅಮ್ಮ ಮತ್ತೆ ಬೀಳಬಾರದು: ಆನ್‌ಲೈನ್ ಕ್ಲಾಸ್ ಸಾಕಾ, ಫಿಸಿಯೋ ಎದುರಿಗೇ ಬೇಕಾ?

ಪುಣೆ_ಮಗ: ಅಮ್ಮನಿಗೆ 74, ಮೈಸೂರಲ್ಲಿ ಒಬ್ಬರೇ ಇದ್ದಾರೆ. ಹೋದ ತಿಂಗಳು ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಬರುವಾಗ ಹೊಸಿಲು ಎಡವಿ ಬಿದ್ದರು. ಮೂಳೆ ಮುರಿದಿಲ್ಲ, ಪುಣ್ಯ. ಆದರೆ ಈಗ ಪಕ್ಕದ ಅಂಗಡಿಗೆ ಹೋಗೋಕೂ ಹೆದರುತ್ತಾರೆ. ವಿಡಿಯೋ ಕಾಲ್‌ನಲ್ಲಿ ಬ್ಯಾಲೆನ್ಸ್ ವ್ಯಾಯಾಮ ಹೇಳಿಕೊಡುವ ಕ್ಲಾಸ್‌ಗೆ ಸೇರಿಸೋಣ ಅಂತಿದ್ದೇನೆ. ಕ್ಲಿನಿಕ್‌ಗೆ ಕಳಿಸೋಣ ಅಂದ್ರೆ ಆಟೋ ಹತ್ತಿ ಇಳಿಯೋದೇ ಅವರಿಗೆ ದೊಡ್ಡ ಕೆಲಸ. ಏನು ಮಾಡಲಿ?

ಫಿಸಿಯೋ_ಹಾಸನ: ಒಂದು ಸಲ ಬಿದ್ದವರನ್ನು ಮೊದಲು ಎದುರಿಗೇ ನೋಡಬೇಕು ಸರ್. ಕುರ್ಚಿಯಿಂದ ಏಳುವಾಗ ಕೈ ಊರುತ್ತಾರಾ, ತಿರುಗುವಾಗ ತೂರಾಡುತ್ತಾರಾ, ಮಲಗಿದ್ದವರು ಎದ್ದು ನಿಂತಾಗ ಬಿಪಿ ಇಳಿಯುತ್ತಾ, ಇದೆಲ್ಲ ಫೋನಿನಲ್ಲಿ ಸರಿಯಾಗಿ ಗೊತ್ತಾಗಲ್ಲ. ಮನೆಗೇ ಬರುವವರನ್ನು ಹುಡುಕಿ. ವಯಸ್ಸಾದವರು ಬೀಳದಂತೆ ವ್ಯಾಯಾಮ ಕಲಿಸುವ ನ್ಯೂಜಿಲೆಂಡಿನ ಒಟಾಗೋ ಪದ್ಧತಿ ಅಂತ ಇದೆ, ಅದು ಹೀಗೇ. ಮೊದಲು ನಾಲ್ಕೈದು ಸಲ ಮನೆಗೆ ಬಂದು ಕಲಿಸುತ್ತಾರೆ, ಆಮೇಲೆ ಫೋನಲ್ಲಿ ವಿಚಾರಿಸುತ್ತಾರೆ. ವಾರಕ್ಕೆ 3 ದಿನ ಅರ್ಧ ಗಂಟೆ ಅವರೇ ಮಾಡಬೇಕು, ಜೊತೆಗೆ ವಾಕಿಂಗ್.

ಸೊಸೆ_ದಾವಣಗೆರೆ: ನಮ್ಮತ್ತೆ ಆನ್‌ಲೈನಲ್ಲೇ ಮಾಡಿದ್ದು. ಟೀಪಾಯ್ ಮೇಲೆ ಚೊಂಬಿಗೆ ಫೋನ್ ಒರಗಿಸಿ ಇಡೋರು. ಆ ಕಡೆಯಿಂದ "ಒಂಟಿ ಕಾಲಲ್ಲಿ ನಿಲ್ಲಿ" ಅಂದ್ರೆ ಇವರು ನಿಂತಲ್ಲೇ ಬಗ್ಗಿ ಸ್ಕ್ರೀನ್ ನೋಡೋದು! ನನ್ನ ಎದೆ ಧಸಕ್ ಅಂತಿತ್ತು. ಆಮೇಲೆ ಟಿವಿಗೆ ಹಾಕಿಕೊಟ್ಟೆ, ಹಿಂದೆ ಗೋಡೆ, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಡೈನಿಂಗ್ ಟೇಬಲ್. ಇನ್ನೊಂದು ವಿಷಯ, ಕೆಲವರು ಬಿದ್ದುಬಿಟ್ಟಾರು ಅಂತ ಹೆದರಿ ಎಲ್ಲ ಕೂತೇ ಮಾಡಿಸುತ್ತಾರೆ. ಬೀಳೋದು ನಿಂತಾಗ ಅಲ್ವಾ, ಕೂತು ಕೈ ಬೀಸಿದ್ರೆ ಏನು ಬಂತು?

ಓದುಗ72: ಫೋನನ್ನು ಅಷ್ಟು ಬೈಯಬೇಡಿ. ಸಿಡ್ನಿಯಲ್ಲಿ 70 ದಾಟಿದ 503 ಜನರನ್ನು ಸೇರಿಸಿ ಸ್ಟ್ಯಾಂಡಿಂಗ್‌ಟಾಲ್ ಅನ್ನೋ ಬ್ಯಾಲೆನ್ಸ್ ವ್ಯಾಯಾಮದ ಆ್ಯಪ್ ಪರೀಕ್ಷೆ ಮಾಡಿದ್ದರು, ಫಲಿತಾಂಶ 2021ರಲ್ಲಿ ಬಂತು. ಮೊದಲ ವರ್ಷ ಆ್ಯಪ್ ಸಿಕ್ಕವರಿಗೂ ಸಿಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 2 ವರ್ಷದ ಲೆಕ್ಕ ತೆಗೆದಾಗ ಆ್ಯಪ್ ಸಿಕ್ಕವರು ಬೀಳೋದು ಶೇ. 16ರಷ್ಟು ಕಡಿಮೆ. ಅಂದ್ರೆ ಬಿಡದೆ ಮಾಡಬೇಕು. ನನ್ನ ಕಥೆ ಕೇಳಿದ್ರೆ, ಆ್ಯಪ್ ಹಾಕಿಕೊಂಡು ಮೂರನೇ ವಾರಕ್ಕೇ ಬಿಟ್ಟೆ. ಈಗ ಪಾರ್ಕಿನ ಗುಂಪಿಗೆ ಹೋಗ್ತೀನಿ. ಒಂದಿನ ತಪ್ಪಿಸಿದ್ರೆ ನಾಲ್ಕು ಜನ ಫೋನ್ ಮಾಡ್ತಾರೆ.

ಪುಣೆ_ಮಗ: ಸರಿ, ಮೊದಲು ಮನೆಗೆ ಬರುವ ಫಿಸಿಯೋ, ಆಮೇಲೆ ಟಿವಿಯಲ್ಲಿ ಕ್ಲಾಸ್. ಅಮ್ಮನಿಗೆ ಹೇಳಿದೆ. "ಅದೆಲ್ಲ ಇರಲಿ ಕಣೋ, ಬಾಗಿಲ ಹತ್ರ ಒಂದು ಲೈಟ್ ಹಾಕಿಸು ಅಂತ ಎರಡು ವರ್ಷದಿಂದ ಹೇಳ್ತಿದ್ದೀನಿ" ಅಂದರು. ನಾಳೆ ಎಲೆಕ್ಟ್ರಿಷಿಯನ್ ಬರ್ತಾನೆ.