‘ಕಪ್ಪು ತಂತಿಯನ್ನು ಬಾಡಿಗೆ ಕೊಡಿ’: ಗಾಡಿಯ ಅರ್ತ್‌ಗೆ ಕನ್ನಡದಲ್ಲಿ ಏನೆಂದು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಮಳೆಗಾಲ ಹತ್ತಿರವಾದಂತೆ ಪಿಕಪ್ ಗಾಡಿಯವರು ಒಬ್ಬೊಬ್ಬರಾಗಿ ಬರುತ್ತಾರೆ. ಶುಂಠಿ, ಕಾಫಿ, ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿಯುವವರು. ದೋಣಿಗಲ್, ಮಾರನಹಳ್ಳಿ ಕಡೆ ಮಂಜು ಕವಿದರೆ ಗಾಡಿಯ ಜೊತೆ ಬಂದ ದೀಪ ಸಾಲುವುದಿಲ್ಲ. ಬಂಪರಿನ ಹತ್ತಿರ ಕೆಳಗೆ ಎರಡು ಹಳದಿ ಎಲ್‌ಇಡಿ, ರಾತ್ರಿ ಲೋಡ್ ಇಳಿಸುವುದಕ್ಕೆ ಹಿಂದೆ ಒಂದು ಬಿಳಿಯದು, ಇಷ್ಟು ಕೇಳುತ್ತಾರೆ. ಎಲ್ಲರೂ ನಮ್ಮಲ್ಲೇ ಫಿಟ್ ಮಾಡಿಸುವುದಿಲ್ಲ. ಸಾಮಾನು ಒಯ್ದು ತಾವೇ ಹಾಕಿಕೊಳ್ಳುವವರೂ ಇದ್ದಾರೆ. ಡಬ್ಬಿಯೊಳಗಿನ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲವೇ ಚೀನೀ ಭಾಷೆಯಲ್ಲಿ. ಹಾಗಾಗಿ ನಾನೇ ಕನ್ನಡದಲ್ಲಿ ಒಂದು ಹಾಳೆ ಬರೆದು, ಜೆರಾಕ್ಸ್ ಮಾಡಿಸಿ, ಸಾಮಾನಿನ ಜೊತೆ ಕೊಡುತ್ತೇನೆ. ಆ ಹಾಳೆಯ ಒಂದು ಸಾಲು ಮೂರು ಸಲ ಬದಲಾಗಿದೆ, ಇನ್ನೂ ಸರಿಹೋಗಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲ ಸಲ ಶಾಲೆಯ ವಿಜ್ಞಾನ ಪುಸ್ತಕದ ಪದವನ್ನೇ ಹಾಕಿದ್ದೆ: ‘ಕಪ್ಪು ತಂತಿಯನ್ನು ಭೂಸಂಪರ್ಕಕ್ಕೆ ಜೋಡಿಸಿ.’ ಹಾಳೆ ಒಯ್ದ ಹುಡುಗ ಅರ್ಧ ಗಂಟೆಯಲ್ಲಿ ಫೋನ್ ಮಾಡಿದ. “ಅಣ್ಣಾ, ಭೂಮಿಗೆ ಅಂದ್ರೆ ಎಲ್ಲಿಗೆ? ಗಾಡಿ ಓಡ್ತಿರುತ್ತಲ್ಲ?” ಅವನ ಪ್ರಶ್ನೆ ನೂರಕ್ಕೆ ನೂರು ಸರಿ. ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತ ಗಾಡಿಗೆ ಭೂಮಿಯ ಸಂಪರ್ಕವೇ ಇಲ್ಲ. ಬ್ಯಾಟರಿಯ ಮೈನಸ್ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಕಟ್ಟಿರುತ್ತಾರೆ. ದೀಪಕ್ಕೆ ಹೋದ ಕರೆಂಟು ಆ ಕಬ್ಬಿಣದ ಮೂಲಕ ವಾಪಸ್ ಬ್ಯಾಟರಿಗೆ ಬರುತ್ತದೆ, ಅದರಿಂದ ಒಂದು ಉದ್ದದ ತಂತಿ ಉಳಿಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೇ ಅರ್ತ್ ಎನ್ನುವುದು. ವಿಷಯ ಇಷ್ಟೇ.

ಮನೆಯ ಅರ್ತಿಂಗ್ ಇದಕ್ಕೆ ಪೂರಾ ಉಲ್ಟಾ. ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಪೈಪ್ ಹೂಳಿ ಮಾಡಿದ ಆ ದಾರಿಯಲ್ಲಿ ಎಲ್ಲ ನೆಟ್ಟಗಿರುವಾಗ ಕರೆಂಟು ಹರಿಯುವುದೇ ಇಲ್ಲ. ಏನಾದರೂ ಕೆಟ್ಟು ಮಿಕ್ಸಿಯ ಮೈಗೋ ಗೀಸರಿನ ಮೈಗೋ ಕರೆಂಟು ಬಂದಾಗ ಮಾತ್ರ ಅದಕ್ಕೆ ಕೆಲಸ. ಗಾಡಿಯಲ್ಲಾದರೋ ದೀಪ ಉರಿಯುವಷ್ಟು ಹೊತ್ತೂ ಹರಿಯುತ್ತಲೇ ಇರಬೇಕು. ಮನೆಯಲ್ಲಿ “ಗೋಡೆ ಮುಟ್ಟಿದ್ರೆ ಅರ್ತ್ ಹೊಡೀತದೆ” ಅಂದರೆ ಗಾಬರಿಯ ಮಾತು. ಗ್ಯಾರೇಜಿನಲ್ಲಿ “ಅರ್ತ್ ಸಿಗ್ತಿಲ್ಲ” ಅಂದರೆ ಗಾಬರಿಯ ಮಾತು. ಒಂದೇ ಪದಕ್ಕೆ ಎರಡು ಬಾಳು. ‘ಭೂಸಂಪರ್ಕ’ ಮನೆಗೆ ಒಪ್ಪುವ ಪದ, ಗಾಡಿಗೆ ಅದು ಸುಳ್ಳು. ಮೈನಸ್ಸಿಗೆ ಪುಸ್ತಕದಲ್ಲಿರುವ ‘ಋಣ’ ಎಂದೂ ಬರೆಯುವ ಹಾಗಿಲ್ಲ. ಈಗಿನ ಗಾಡಿಗಳಲ್ಲಿ ಕಬ್ಬಿಣಕ್ಕೆ ಕಟ್ಟುವುದು ಮೈನಸ್ಸೇ ಆದರೂ, 1960ರ ದಶಕದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ತುದಿಯನ್ನೇ ಕಬ್ಬಿಣಕ್ಕೆ ಕಟ್ಟುತ್ತಿದ್ದರು. ಅಂದರೆ ಅರ್ತ್ ಎನ್ನುವುದು ಮೈನಸ್ಸಿನ ಇನ್ನೊಂದು ಹೆಸರಲ್ಲ.

ಎರಡನೇ ಸಲ ‘ಕಪ್ಪು ತಂತಿಯನ್ನು ಅರ್ಥ್‌ಗೆ ಕೊಡಿ’ ಎಂದು ಬರೆದೆ. ಜೆರಾಕ್ಸಿನ ಜೆರಾಕ್ಸಿನಲ್ಲಿ ಆ ‘ಥ್’ ಮೇಲಿನ ಗುರುತು ಅಳಿಸಿಹೋಗಿ ‘ಅರ್ಥ’ ಆಯಿತು. ತಂತಿಗೆ ಅರ್ಥ ಕೊಡಬೇಕೋ, ಅರ್ಥಕ್ಕೆ ತಂತಿ ಕೊಡಬೇಕೋ ಓದಿದವರಿಗೆ ತಿಳಿಯಲಿಲ್ಲ. ನಾಲಿಗೆಯ ಮೇಲಿರುವುದು ‘ಅರ್ತ್’. ಮಹಾಪ್ರಾಣ ಹಾಕಿ ‘ಅರ್ಥ್’ ಎಂದು ಉಚ್ಚರಿಸುವ ಒಬ್ಬ ಮೆಕ್ಯಾನಿಕ್ಕನ್ನೂ ನಾನು ಕಂಡಿಲ್ಲ. ಹಾಗಿದ್ದ ಮೇಲೆ ‘ತ’ ಅಕ್ಷರದಲ್ಲೇ ಬರೆದರೆ ತಪ್ಪಾಗುತ್ತದೆಯೇ? ಇಂಗ್ಲಿಷಿನ ಆ ಅಕ್ಷರಜೋಡಿಗೆ ಕನ್ನಡದಲ್ಲಿ ‘ಥ’ ಹಾಕುವುದು ರೂಢಿ ಎಂದು ಬಲ್ಲೆ. ಇಲ್ಲಿ ಮಾತ್ರ ರೂಢಿಯೇ ಗೊಂದಲ ಮಾಡುತ್ತಿದೆ. ಇದು ನನ್ನ ಮೊದಲನೇ ಪ್ರಶ್ನೆ.

ಮೂರನೇ ಸಲ ಗ್ಯಾರೇಜಿನ ಮಾತನ್ನೇ ಇಳಿಸಿದೆ. ಎಲ್ಲರೂ ಆಡುವ ಮಾತು ಅದು: “ಆ ವೈರ್ ಬಾಡಿಗೆ ಕೊಡು.” ಹಾಳೆಯಲ್ಲಿ ‘ಕಪ್ಪು ತಂತಿಯನ್ನು ಬಾಡಿಗೆ ಕೊಡಿ’ ಎಂದು ಅಚ್ಚಾಯಿತು. ಆಡುವಾಗ ಕೈಯಲ್ಲಿ ವೈರ್ ಇರುತ್ತದೆ, ಬೆರಳು ಬೋಲ್ಟನ್ನು ತೋರಿಸುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕಾಗದದ ಮೇಲೆ ಬೆರಳಿಲ್ಲ. ‘ಬಾಡಿ’ಗೆ ಚತುರ್ಥಿ ಹಚ್ಚಿದರೂ ‘ಬಾಡಿಗೆ’, ಗಾಡಿಯನ್ನು ದಿನದ ಲೆಕ್ಕದಲ್ಲಿ ಕೊಡುವುದೂ ‘ಬಾಡಿಗೆ’. ಬರೆಯುವುದೂ ಒಂದೇ, ಉಚ್ಚಾರವೂ ಒಂದೇ. ಬೆಳಿಗ್ಗೆಯಿಂದ ರಾತ್ರಿವರೆಗೆ ‘ಬಾಡಿಗೆ ಇದೆಯಾ’ ಎಂದು ಫೋನಿನಲ್ಲಿ ಕೇಳಿಸಿಕೊಳ್ಳುವ ಪಿಕಪ್ಪಿನವರ ಕೈಗೆ ಈ ವಾಕ್ಯ ಹೋದರೆ ಯಾವ ಅರ್ಥ ಮೊದಲು ಹೊಳೆಯುತ್ತದೆ, ನೀವೇ ಯೋಚಿಸಿ.

ಅಷ್ಟೇ ಆಗಿದ್ದರೆ ಎರಡು ಸಲ ಓದಿ ಸರಿಮಾಡಿಕೊಳ್ಳುತ್ತಿದ್ದರು. ಪಿಕಪ್ಪಿನಲ್ಲಿ ಇನ್ನೊಂದು ತೊಡಕಿದೆ. ಕಾರಿನಲ್ಲಿ ಬಾಡಿ ಅಂದರೆ ಇಡೀ ಹೊರಮೈ. ಪಿಕಪ್ಪಿನವರಿಗೆ ಬಾಡಿ ಅಂದರೆ ಹಿಂದಿನ ಲೋಡ್ ತುಂಬುವ ತೊಟ್ಟಿ. “ಬಾಡಿ ಕಟ್ಟಿಸಬೇಕು”, “ಬಾಡಿ ತುಂಬ ಶುಂಠಿ ಇತ್ತು” ಎನ್ನುತ್ತಾರಲ್ಲ, ಅದು. ಕಳೆದ ಮಳೆಗಾಲದಲ್ಲಿ ಒಬ್ಬರು ನನ್ನ ಹಾಳೆಯನ್ನು ಅಕ್ಷರಶಃ ಪಾಲಿಸಿ, ಹಿಂದಿನ ದೀಪದ ಕಪ್ಪು ತಂತಿಯನ್ನು ತೊಟ್ಟಿಯ ಮೂಲೆಯ ಒಂದು ಬೋಲ್ಟಿಗೆ ಕಟ್ಟಿದ್ದರು. ಗಾಡಿ ಅಂಗಡಿಗೆ ಬಂದಾಗ ನೋಡಿದೆ. ದೀಪ ಮಿಣಿಮಿಣಿ ಎನ್ನುತ್ತಿತ್ತು. ತೊಟ್ಟಿಯನ್ನು ಕೈಯಲ್ಲಿ ಅಲ್ಲಾಡಿಸಿದರೆ ಒಂದು ಗಳಿಗೆ ಬೆಳಗಿ ಮತ್ತೆ ಮಂಕಾಗುತ್ತಿತ್ತು. ಆ ತೊಟ್ಟಿಗೂ ಚಾಸಿಗೂ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ನಡುವೆ ಮರದ ಪಟ್ಟಿ, ಅದರ ಮೇಲೆ ರಬ್ಬರ್. ಬೋಲ್ಟಿನ ತಲೆಯ ಕೆಳಗೆ ಎರಡು ಪದರ ಪೇಂಟ್, ಅದರ ಮೇಲೆ ತುಕ್ಕು. ಕರೆಂಟು ವಾಪಸ್ ಹೋಗಲು ದಾರಿಯೇ ಸರಿಯಾಗಿಲ್ಲ. ತಂತಿಯನ್ನು ಬಿಚ್ಚಿ ಚಾಸಿಯ ಹತ್ತಿರ ತಂದು, ಉಪ್ಪುಕಾಗದದಲ್ಲಿ ಒಂದು ರೂಪಾಯಿ ನಾಣ್ಯದಗಲ ಪೇಂಟ್ ಕೆರೆದೆ. ಮೊದಲು ಕಪ್ಪು, ಆಮೇಲೆ ಕೆಂಪು ಪ್ರೈಮರ್, ಆಮೇಲೆ ಬೆಳ್ಳಗೆ ಕಬ್ಬಿಣ. ಹಲ್ಲಿನ ವಾಷರ್ ಹಾಕಿ ಲಗ್ (ತಂತಿಯ ತುದಿಯ ಲೋಹದ ಬಳೆ) ಬಿಗಿದ ಕೂಡಲೇ ಅಂಗಡಿಯ ಎದುರಿನ ಗೋಡೆಯೆಲ್ಲ ಬೆಳಕಾಯಿತು. ದೀಪದಲ್ಲಿ ದೋಷವಿರಲಿಲ್ಲ, ಅವರ ಕೆಲಸದಲ್ಲೂ ಇರಲಿಲ್ಲ. ದೋಷ ನನ್ನ ಹಾಳೆಯ ‘ಬಾಡಿ’ ಎಂಬ ಪದದಲ್ಲಿತ್ತು. ಆ ದಿನದಿಂದ ಇದು ನನ್ನನ್ನು ಕೊರೆಯುತ್ತಿದೆ.

ಈಗ ನನ್ನ ಮುಂದೆ ಎರಡು ದಾರಿಗಳಿವೆ.

ಒಂದು, ಪದವನ್ನು ಬಿಟ್ಟು ವಿಭಕ್ತಿಯನ್ನು ಬದಲಾಯಿಸುವುದು. ಗ್ಯಾರೇಜ್ ಕನ್ನಡದಲ್ಲಿ ‘ಕೊಡು’ ಎರಡೂ ದಿಕ್ಕಿಗೆ ನಡೆಯುತ್ತದೆ. “ವೈರನ್ನ ಬಾಡಿಗೆ ಕೊಡು” ಎಂದೂ ಹೇಳುತ್ತೇವೆ, “ಲೈಟಿಗೆ ಅರ್ತ್ ಕೊಡು” ಎಂದೂ ಹೇಳುತ್ತೇವೆ. ಎರಡರಲ್ಲೂ ಕೈ ಮಾಡುವ ಕೆಲಸ ಒಂದೇ. ಎರಡನೆಯದರಲ್ಲಿ ಪಡೆಯುವುದು ದೀಪ. ಅರ್ತ್ ಎನ್ನುವುದು ಅದಕ್ಕೆ ಸಿಗಬೇಕಾದ ವಸ್ತು, ಜಾಗವಲ್ಲ. ಅದನ್ನು ಹಿಡಿದು ‘ಲೈಟಿಗೆ ಚಾಸಿಯಿಂದ ಅರ್ತ್ ಕೊಡಿ’ ಎಂದು ಬರೆದರೆ ಬಾಡಿಗೆಯೂ ಇಲ್ಲ, ತೊಟ್ಟಿಯೂ ಇಲ್ಲ. ಕರೆಂಟು ಹೋಗುವ ದಿಕ್ಕು ಬೇರೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಮಾತು ಕರೆಂಟನ್ನಲ್ಲ, ಕೆಲಸವನ್ನು ಹೇಳುತ್ತಿದೆ ಎನ್ನುವುದು ನನ್ನ ಉತ್ತರ.

ಇನ್ನೊಂದು, ‘ಮೈ’. ಜೀವವಿಲ್ಲದ್ದಕ್ಕೂ ನಾವು ಮೈ ಎನ್ನುತ್ತೇವೆ: ಮೇಲ್ಮೈ, ಹೊರಮೈ, ಒಳಮೈ. ಮೇಲೆ ಮಿಕ್ಸಿಯ ಮೈ ಎಂದು ನಾನೇ ಬರೆದೆ, ನಿಮಗೂ ಎಡವಿದಂತಾಗಿರಲಾರದು. ‘ಗಾಡಿಯ ಮೈಗೆ ಕಟ್ಟಿ’ ಎಂದರೆ ಕಿವಿಗೆ ಹಿತ. ಆದರೆ ಚಾಸಿ, ಕ್ಯಾಬಿನ್, ತೊಟ್ಟಿ ಬೇರೆಬೇರೆಯಾಗಿ ಕೂರಿಸಿದ ಪಿಕಪ್ಪಿನಲ್ಲಿ ಯಾವ ಮೈ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಆದ್ದರಿಂದ ಹಾಳೆಯ ಆರಂಭದಲ್ಲಿ ಒಮ್ಮೆ ‘ಗಾಡಿಯ ಮೈಯ ಕಬ್ಬಿಣವೇ ವಾಪಸ್ ತಂತಿ, ಇದಕ್ಕೆ ಅರ್ತ್ ಎನ್ನುತ್ತೇವೆ’ ಎಂದು ಬಿಡಿಸಿ ಹೇಳಿ, ಮುಂದೆ ಅರ್ತ್, ಚಾಸಿ ಎಂದೇ ನಡೆಸೋಣ ಎನ್ನಿಸುತ್ತಿದೆ.

ಇದೇ ಹಾಳೆಯಲ್ಲಿ ಬರುವ ‘ರಿಲೇ’ (ಚಿಕ್ಕ ಸ್ವಿಚ್ಚಿನ ಅಪ್ಪಣೆಯಿಂದ ದೊಡ್ಡ ಕರೆಂಟನ್ನು ಬಿಡುವ ಡಬ್ಬಿ) ಪದವನ್ನು ಕನ್ನಡಕ್ಕೆ ತಿರುಗಿಸಬೇಕೆಂದು ಒಬ್ಬ ಮೇಷ್ಟರು ಹೇಳಿದ್ದರು. ‘ಮರುಪ್ರಸಾರ’ ರೇಡಿಯೋದವರ ಪದ, ಇಲ್ಲಿ ಕೂರುವುದಿಲ್ಲ. ಹೆಸರು ರಿಲೇ ಎಂದೇ ಇರಲಿ. ಕೌಂಟರಿನಲ್ಲಿ ಅದನ್ನೇ ಕೇಳುತ್ತಾರೆ, ಅದರ ಕಾಲುಗಳ ಪಕ್ಕ 30, 85, 86, 87 ಎಂದು ಕೊರೆದಿರುತ್ತದೆ. ಕನ್ನಡ ಬೇಕಾದದ್ದು ವಿವರಣೆಗೆ. ತಲಾ 36 ವಾಟಿನ ಎರಡು ದೀಪ 12 ವೋಲ್ಟಿನಲ್ಲಿ ಒಟ್ಟು 6 ಆಂಪಿಯರ್ ಎಳೆಯುತ್ತವೆ. 10 ಆಂಪಿಯರಿನ ಕೆಂಪು ಫ್ಯೂಸ್ ಸಾಕು, ಆದರೆ ಅಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಚಿಕ್ಕ ಸ್ವಿಚ್ಚಿನೊಳಗೆ ಹಾಯಿಸಿದರೆ ಸ್ವಿಚ್ ಬೆಂದುಹೋಗಬಹುದು. ಇದನ್ನು ನಾನು ಕೆರೆಯ ಮಾತಿನಲ್ಲಿ ಹೇಳುತ್ತೇನೆ: ಸ್ವಿಚ್ಚಿನಿಂದ ಬರುವುದು ಬರೀ ಅಪ್ಪಣೆ, ರಿಲೇ ಎಂಬ ನೀರುಗಂಟಿ ಅದನ್ನು ಕೇಳಿ ತೂಬೆತ್ತುತ್ತಾನೆ, ನೀರು ಕೆರೆಯಿಂದ ನೇರ ಗದ್ದೆಗೆ. ಕೆರೆ ಅಂದರೆ ಬ್ಯಾಟರಿ. ಹಾಸನದ ಬಯಲು ಕಡೆಯವರಿಗೆ ಒಂದೇ ಸಲಕ್ಕೆ ಹಿಡಿಸಿದೆ. ಘಟ್ಟದ ಕೆಳಗಿನವರಿಗೆ ಕೆರೆ, ನೀರುಗಂಟಿ ಅಷ್ಟು ಬಳಕೆಯಿಲ್ಲ, ಅವರಿಗೆ ಯಾವ ಹೋಲಿಕೆ ಕೊಡಬಹುದು?

ಒಂದು ಸಣ್ಣ ವಿಷಯ ಕೂಡ. 2024ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಎದುರಿನವರಿಗೆ ಕಣ್ಣು ಬಿಡಲಾಗದಂಥ ಎಲ್‌ಇಡಿ ಹಾಕಿದ ಗಾಡಿಗಳ ಮೇಲೆ ಪೊಲೀಸರು ಕೇಸು ಹಾಕಲು ತೊಡಗಿದಾಗ ಪೇಪರಿನಲ್ಲಿ ‘ಕಣ್ಣು ಕುಕ್ಕುವ’ ಎಂಬ ಮಾತು ಕಂಡೆ. ಬಹಳ ಸರಿಯಾದ ಪದ. ‘ಪ್ರಖರ’ ಎಂದರೆ ಬೆಳಕಿಗೆ ಹೊಗಳಿಕೆಯಾಗುತ್ತದೆ, ‘ಕುಕ್ಕುವ’ ಎಂದರೆ ಎದುರಿನವನ ನೋವು ಗೊತ್ತಾಗುತ್ತದೆ. ‘ಎದುರು ಬರುವವರ ಕಣ್ಣು ಕುಕ್ಕದ ಹಾಗೆ ದೀಪದ ಮುಖ ತಗ್ಗಿಸಿ’ ಎಂದು ಹಾಳೆಯಲ್ಲಿ ಸೇರಿಸಿದ್ದೇನೆ.

ಹುಬ್ಬಳ್ಳಿ, ರಾಯಚೂರು, ಕರಾವಳಿ ಕಡೆಯ ಗ್ಯಾರೇಜುಗಳಲ್ಲಿ, ಟ್ರ್ಯಾಕ್ಟರ್ ಟ್ರೇಲರಿಗೆ ದೀಪ ಹಾಕುವವರಲ್ಲಿ, ಈ ಕಪ್ಪು ತಂತಿಯನ್ನು ಎಲ್ಲಿಗೆ ‘ಕೊಡುತ್ತಾರೆ’, ಯಾವ ಕ್ರಿಯಾಪದ ಬಳಸುತ್ತಾರೆ? ಕಟ್ಟು, ಹಚ್ಚು, ತಾಗಿಸು, ಕೂಡಿಸು? ಬಾಡಿ, ಚಾಸಿ, ಅರ್ತ್ ಬಿಟ್ಟು ಬೇರೆ ಮಾತು ಕೇಳಿದವರು ದಯವಿಟ್ಟು ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಮುಂದಿನ ಹಾಳೆಗೆ ನಾನು ಬರೆದಿಟ್ಟ ಸಾಲು ಇದು:

‘ಲೈಟಿಗೆ ಚಾಸಿಯಿಂದ ಅರ್ತ್ ಕೊಡಿ. ಬೋಲ್ಟ್ ಕೂರುವ ಜಾಗದ ಪೇಂಟನ್ನು ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಕೆರೆದು, ಕಪ್ಪು ತಂತಿಯ ಲಗ್ಗನ್ನು ಅಲ್ಲಿ ಬಿಗಿಯಿರಿ. ತೊಟ್ಟಿಗೆ ಕಟ್ಟಬೇಡಿ.’

ಜೂನ್ ಮಳೆ ಹಿಡಿಯುವ ಮೊದಲು ಇದನ್ನು ಅಚ್ಚಿಗೆ ಕೊಡಬೇಕು. ಎಲ್ಲಿ ಎಡವುತ್ತದೆ, ನೋಡಿ ಹೇಳಿ.