ಒಂದು ದಿನದ ದೋಣಿ ಸುತ್ತಾಟ: ಸೀತಾ ನದಿಯೋ, ಕಾಳಿಯೋ? ಹೋಗಿ ಬಂದವರು ಹೇಳಿ

ಬಸವನಗುಡಿ ಅಪ್ಪ:
ಡಿಸೆಂಬರ್ ಕೊನೆ ವಾರ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. ನಾನು, ಹೆಂಡತಿ, 9 ವರ್ಷದ ಮಗಳು, 66 ವರ್ಷದ ನಮ್ಮ ತಂದೆ. ರಾಫ್ಟಿಂಗ್ ಬೇಡ. ಸಣ್ಣ ಹೊಳೆ, ತಿಳಿ ನೀರು, ನಾವೇ ಹುಟ್ಟು ಹಾಕಿಕೊಂಡು ಅರ್ಧ ದಿನ ನಿಧಾನವಾಗಿ ಹೋಗಿ ಬರುವಂಥದ್ದು ಬೇಕು. ಉಡುಪಿ ಕಡೆಯ ಸಾಲಿಗ್ರಾಮದ ಸೀತಾ ನದಿ ಅಂತ ಒಬ್ಬರು, ದಾಂಡೇಲಿ ಕಡೆಯ ಗಣೇಶಗುಡಿಯ ಕಾಳಿ ನದಿ ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ತಂದೆಗೆ ಈಜು ಬರುತ್ತದೆ, ಆದರೆ ಮಂಡಿ ನೋವು. ನಿಮ್ಮ ಅನುಭವ ಹೇಳಿ.

ಹಳೇ ಹುಬ್ಬಳ್ಳಿ:
ಕಾಳಿಗೆ ಹೋಗುವ ಮುಂಚೆ ನನ್ನ ಕಥೆ ಕೇಳಿ ಸರ್. ಹೋದ ವರ್ಷ ಐದು ಜನ ಹೋಗಿದ್ದೆವು. ತಲೆಗೆ 1,800 ರೂಪಾಯಿಯ ಪ್ಯಾಕೇಜ್, ಒಟ್ಟು 9,000. ಫೋನಿನಲ್ಲಿ "ಎಲ್ಲಾ ಸೇರಿದೆ" ಅಂದಿದ್ದರು. ಅಲ್ಲಿಗೆ ಹೋದ ಮೇಲೆ ಕಯಾಕ್‌ಗೆ, ಅಂದರೆ ಎರಡು ಅಲಗಿನ ಹುಟ್ಟು ಹಾಕುವ ಸಣ್ಣ ದೋಣಿಗೆ, ಬೇರೆ ದುಡ್ಡು, ತಲೆಗೆ 400. ನಾಲ್ಕು ಜನಕ್ಕೆ 1,600. ಅಮ್ಮ ದಡದಲ್ಲೇ ಕೂತರು. ಅವರು ಕೂತ ಪ್ಲಾಸ್ಟಿಕ್ ಕುರ್ಚಿಗೆ ದುಡ್ಡು ಕೇಳಲಿಲ್ಲ, ಅದೇ ಪುಣ್ಯ.

ಬೆಳಿಗ್ಗೆ 8ಕ್ಕೆ ನದಿಗೆ ಬಂದರೆ ನೀರೇ ಇಲ್ಲ! ಬರೀ ಬಂಡೆ. ಮೇಲಿನ ಸೂಪಾ ಅಣೆಕಟ್ಟಿನ ಪವರ್‌ಹೌಸ್‌ನಲ್ಲಿ ಮಷಿನ್ ಶುರು ಆದರೆ ಮಾತ್ರ ಕೆಳಗೆ ನೀರು. ಅದು ಯಾವಾಗ ಅಂತ ಕೇಳಿದರೆ "ಈಗ ಬರ್ತದ್ರೀ" ಅಂತಲೇ ಮೂರು ಗಂಟೆ ಕೂರಿಸಿದರು. ಕೊನೆಗೆ 11ಕ್ಕೆ ನೀರು ಬಂತು. ಬಂದದ್ದು ಹೇಗೆ ಅಂತೀರಿ! ನಾನು ಚಪ್ಪಲಿ ಬಿಟ್ಟಿದ್ದ ಬಂಡೆ ಕಣ್ಣೆದುರಿಗೇ ಮುಳುಗಿ ಹೋಯಿತು. ಚಪ್ಪಲಿ 650. ಅಣೆಕಟ್ಟಿನ ಆಳದಿಂದ ಬರುವ ನೀರು, ಕಾಲಿಟ್ಟರೆ ಮೂಳೆ ಕೊರೆಯುತ್ತದೆ. ತಮ್ಮನ ಮಗ ಮಗುಚಿ ಬಿದ್ದ, ಜಾಕೆಟ್ ಇತ್ತು, ಏನೂ ಆಗಲಿಲ್ಲ. ಆದರೆ ಅವನ ಜೇಬಿನಲ್ಲಿದ್ದ ನನ್ನ ಫೋನ್, 17,500.

ನೀರು ಮಾತ್ರ ತಿಳಿ. ಹಸಿರು ಗಾಜಿನ ಹಾಗೆ. ಅದನ್ನು ಇಲ್ಲ ಅನ್ನುವುದಿಲ್ಲ.

ಮಳೆಹುಳು:
ದಾಂಡೇಲಿಯಲ್ಲಿ ಮೊಸಳೆ ಇದೆ. ಅದನ್ನು ಯಾರೂ ಹೇಳುತ್ತಿಲ್ಲವಲ್ಲ? ಮಗು ಕರ್ಕೊಂಡು ಹೋಗ್ತಾ ಇದ್ದಾರೆ.

ಹಳೇ ಹುಬ್ಬಳ್ಳಿ:
ಮೊಸಳೆ ಇರುವುದು ಕೆಳಗೆ, ದಾಂಡೇಲಿ ಊರಿನ ಕಡೆ, ನೀರು ನಿಧಾನ ಆಗುವಲ್ಲಿ. ದಾಂಡೇಲಪ್ಪನ ಗುಡಿ ಹತ್ತಿರ ಜನ ಮೊಸಳೆ ನೋಡುವುದಕ್ಕೇ ಹೋಗುತ್ತಾರೆ. ನಾನು ಹೇಳುತ್ತಿರುವುದು ಮೇಲಿನ ಗಣೇಶಗುಡಿ. ನೀವು ಹೋಗಿದ್ದೀರಾ, ಇಲ್ಲ ಸುಮ್ನೆ ವಿಡಿಯೊ ನೋಡಿ ಹೇಳ್ತೀರಾ?

ಮಳೆಹುಳು:
ಮೊಸಳೆಗೆ ನಿಮ್ಮ ಮ್ಯಾಪ್ ಗೊತ್ತಾ?

ಸಜ್ಜೆ ಮೇಲಿನ ದೋಣಿ:
ನನ್ನ ತಪ್ಪನ್ನು ಮಾತ್ರ ಮಾಡಬೇಡಿ. ಬಾಡಿಗೆ ಜಾಸ್ತಿ ಅಂತ ನಾನು ಗಾಳಿ ತುಂಬುವ ಕಯಾಕೇ ತೆಗೆದುಕೊಂಡೆ. ಲೆಕ್ಕ ಹೀಗಿದೆ. ಕಯಾಕ್ 11,800. ಜೊತೆಗೆ ಬಂದ ಹುಟ್ಟು ಆಟಿಕೆ ಥರ ಇತ್ತು, ಬೇರೆ ಹುಟ್ಟು 1,600. ಕಾಲಿನಲ್ಲಿ ತುಳಿಯುವ ಪಂಪ್ 900. ಲೈಫ್ ಜಾಕೆಟ್ ಎರಡು, 2,900. ನೀರು ಹೋಗದ ಚೀಲ 750. ಆಮೇಲೆ ತೇಪೆಯ ಸಾಮಾನು 350. ಒಟ್ಟು 18,300. ಬಳಸಿದ್ದು ಎರಡೇ ಸಲ. ಒಂದು ಸಲಕ್ಕೆ 9,150 ಬಿತ್ತು. ಈ ದುಡ್ಡಿಗೆ ಯಾರಾದರೂ ನನ್ನನ್ನು ಪಲ್ಲಕ್ಕಿಯಲ್ಲಿ ಹೊತ್ತು ನದಿ ದಾಟಿಸುತ್ತಿದ್ದರು.

ಮೊದಲನೇ ಸಲ ಸೀತಾ ನದಿಯಲ್ಲೇ. ಗಾಳಿ ತುಂಬುವುದಕ್ಕೆ 25 ನಿಮಿಷ, ಹೆಂಡತಿ ಅಷ್ಟರಲ್ಲಿ ಎರಡು ಸಲ ಕಾರಿಗೆ ಹೋಗಿ ಬಂದಳು. ಬೆಳಿಗ್ಗೆ ಸ್ವರ್ಗ. ಕಾಂಡ್ಲಾ (ಉಪ್ಪು ನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಮರಗಳ ನಡುವೆ ಸಣ್ಣ ಸಣ್ಣ ದಾರಿ, ಮಿಂಚುಳ್ಳಿ, ಒಂದು ಸದ್ದಿಲ್ಲ. ಒಳಗೆ ಹೋದದ್ದೇ ತಪ್ಪಾಯಿತು. ನೀರು ಇಳಿಯತೊಡಗಿತು. ಬೇರಿಗೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನ ಹಾಗೆ. ಎಡಗಡೆ ಕೊಳವೆ ಪುಸ್ ಅಂತು. ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು ಅದನ್ನು ಎಳೆದೆವು. ಹೊರಗೆ ಬರುವಷ್ಟರಲ್ಲಿ ಒಂದು ಬಲೆಗೆ ಸಿಕ್ಕಿಕೊಂಡೆವು. ಚಾಕು ಇತ್ತು, ಕತ್ತರಿಸಿ ಬಿಡಿಸಿಕೊಂಡೆವು. ಆವತ್ತು ಬುದ್ಧಿ ಬಂತು.

ಎರಡನೇ ಸಲ ಮಾವನ ಮನೆಯ ಕೆರೆಯಲ್ಲಿ. ಅದನ್ನು ಬಿಡಿ.

ಕೋಟದ ಮಾಣಿ:
ಒಂದ್ನಿಮಿಷ ಮಾರಾಯ್ರೆ. ಬಲೆ ಕತ್ತರಿಸಿದಿರಿ ಅಂತ ಎಷ್ಟು ಸಲೀಸಾಗಿ ಬರೆದಿದ್ದೀರಿ? ಅದು ಯಾರದ್ದೋ ಒಬ್ಬರ ಅನ್ನ. ನಮ್ಮ ಮಾವನಿಗೆ ಹೋದ ವರ್ಷ ಹೀಗೇ ಆಯಿತು. ಬಲೆ, ದಾರ, ಸೀಸ ಎಲ್ಲಾ ಸೇರಿ 6,000. ಕೂತು ಕಟ್ಟಿದ ನಾಲ್ಕು ದಿನದ ಕೂಲಿ ಲೆಕ್ಕಕ್ಕೇ ಇಲ್ಲ. ನಿಮ್ಮ 350 ರೂಪಾಯಿಯ ತೇಪೆ ಮಾತ್ರ ಲೆಕ್ಕದಲ್ಲಿ ಬಂತು, ಅಲ್ವಾ?

ಇನ್ನು ಚಿಪ್ಪಿನ ಮೇಲೆ ದೂರು. ಭರತ-ಇಳಿತ ನೋಡದೆ ಇಳಿದವರು ನೀವು. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಇನ್ನೂ ಜೋರು. ನೀರು ಏರುವಾಗ ಕಾಂಡ್ಲಾ ಒಳಗೆ ಹೋಗಬೇಕು, ಇಳಿಯುವುದಕ್ಕೆ ಮುಂಚೆ ಹೊರಗೆ ಬರಬೇಕು. ನಮ್ಮ ಮಕ್ಕಳಿಗೂ ಗೊತ್ತು. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಕೋಡಿ ಬೆಂಗ್ರೆ ಕಡೆಗೆ ಹುಟ್ಟು ಹಾಕಿ ನೋಡಿ, ಇದ್ದಲ್ಲೇ ಇರುತ್ತೀರಿ. ಅಲ್ಲಿ ಸೀತೆ, ಸುವರ್ಣೆ ಎರಡೂ ಸಮುದ್ರ ಸೇರುವ ಜಾಗ, ಸೆಳೆತ ಬೇರೆ.

ಊರಿನ ಹುಡುಗರು ಕಯಾಕ್ ನಡೆಸುತ್ತಾರೆ, ಅವರು ಹೊತ್ತು ನೋಡಿಯೇ ಬಿಡುತ್ತಾರೆ. ಅವರಿಗೆ ಕೊಡುವ ನಾಲ್ಕು ಕಾಸು ಉಳಿಸಲು ಹೋಗಿ 18,300 ಕಳೆದುಕೊಂಡದ್ದು ನೀವು.

ಇನ್ನು ತಿಳಿ ನೀರು. ಇಲ್ಲಿ ಹಸಿರು ನೀರು, ಉಪ್ಪು ನೀರು. ತಳ ಕಾಣುವುದು ಮರಳು ದಿಬ್ಬದ ಹತ್ತಿರ ಮಾತ್ರ. ಇದೇ ಸೀತೆಯಲ್ಲಿ ತಿಳಿ ಬೇಕಾದರೆ ಹೆಬ್ರಿ ಕಡೆ ಹೋಗಿ. ಡಿಸೆಂಬರ್‌ನಲ್ಲಿ ಅಲ್ಲಿ ನೀರು ಕಡಿಮೆ, ದೋಣಿ ನಿಮ್ಮನ್ನು ಹೊರುವುದಿಲ್ಲ, ನೀವೇ ದೋಣಿ ಹೊರಬೇಕು.

ಸಜ್ಜೆ ಮೇಲಿನ ದೋಣಿ:
ನೀರಿನ ಮಧ್ಯೆ ಗುರುತಿಲ್ಲದೆ ಬಲೆ ಬಿಟ್ಟರೆ ಏನು ಮಾಡಬೇಕು? ದೋಣಿ ಅರ್ಧ ಮುಳುಗಿತ್ತು. ಹೆಂಡತಿಗೆ ಈಜು ಬರುವುದಿಲ್ಲ. ಆ ಹೊತ್ತಿನಲ್ಲಿ ಬಲೆಯ ಮಾಲೀಕರನ್ನು ಹುಡುಕಬೇಕಿತ್ತಾ?

ಕೋಟದ ಮಾಣಿ:
ಬಾಟಲಿ ತೇಲುತ್ತಿರುತ್ತದಲ್ಲ, ಅದೇ ಗುರುತು. ನೀವು ಕಸ ಅಂತ ತಿಳಿದುಕೊಂಡಿರಿ. ಬಿಡಿಸಿಕೊಂಡ ಮೇಲಾದರೂ ದಡದಲ್ಲಿ ಒಬ್ಬರಿಗೆ ಹೇಳಬಹುದಿತ್ತು.

ಒರ್ಲಾಂಡೊ ಕನ್ನಡತಿ:
ಎಲ್ಲರೂ ಕಯಾಕ್ ಬಗ್ಗೆ ಹೇಳುತ್ತಿದ್ದೀರಿ, ಕನೂ ಬೇರೆ. ಕನೂಗೆ ಒಂದೇ ಅಲಗಿನ ಹುಟ್ಟು, ಮೇಲೆ ತೆರೆದಿರುತ್ತದೆ, ಬುಟ್ಟಿ ಇಡಲು ಜಾಗ ಇರುತ್ತದೆ. ನಮ್ಮಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ, ಒಕಾಲಾ ಕಾಡಿನಲ್ಲಿ ಜುನಿಪರ್ ಸ್ಪ್ರಿಂಗ್ಸ್ ಅಂತ ಇದೆ. ನೆಲದಿಂದ ಉಕ್ಕುವ ಬುಗ್ಗೆಯ ನೀರು, ವರ್ಷವಿಡೀ ಸುಮಾರು 22 ಡಿಗ್ರಿ. ತಳದ ಮರಳು ಕುದಿಯುವ ಹಾಗೆ ಕಾಣುತ್ತದೆ. 7 ಮೈಲಿ, ಒಂದೇ ದಿಕ್ಕು, ಕೊನೆಯಲ್ಲಿ ಗಾಡಿ ಬಂದು ವಾಪಸ್ ಕರೆದುಕೊಂಡು ಹೋಗುತ್ತದೆ. 4 ಗಂಟೆ ಅನ್ನುತ್ತಾರೆ. ನಮಗೆ ಹಿಡಿದದ್ದು ಆರೂವರೆ.

ಕಾರಣ ನಮ್ಮ ಯಜಮಾನರು. ಹಿಂದೆ ಕೂತವರು ತಿರುಗಿಸಬೇಕು. ಇವರು ನನಗೆ ಹೇಳುತ್ತಾರೆ, "ನೀನು ಬಲಕ್ಕೆ ಹಾಕು". ಹಾಕಿದರೆ ಎಡಗಡೆ ಪೊದೆಗೆ ನುಗ್ಗಿತು. ಹೊಳೆ ಎಷ್ಟು ಕಿರಿದು ಅಂದರೆ ಕೊಂಬೆಗೆ ತಲೆ ಬಗ್ಗಿಸಿಯೇ ಹೋಗಬೇಕು. ಮೂರು ಸಲ ಪೊದೆ, ಒಂದು ಸಲ ಬಿದ್ದ ಮರ. ಪಕ್ಕದ ದಿಮ್ಮಿಯ ಮೇಲೆ ಮೊಸಳೆ ಜಾತಿಯದೇ ಒಂದು ಅಲಿಗೇಟರ್ ಬಿಸಿಲು ಕಾಯಿಸುತ್ತಿತ್ತು. ನಾವು ಜಗಳ ನಿಲ್ಲಿಸಿದ್ದು ಅಲ್ಲಿ ಮಾತ್ರ. ಬಿಸಾಡುವ ಡಬ್ಬಿ, ಕವರ್ ಒಯ್ಯುವ ಹಾಗಿಲ್ಲ. ಹೊರಡುವಾಗ ಬುಟ್ಟಿ ತೆಗೆದು ನೋಡಿದರು. ಪಕ್ಕದ ಕುಟುಂಬದ ಚಿಪ್ಸ್ ಎಲ್ಲಾ ಕಾರಿಗೆ ವಾಪಸ್ ಹೋಯಿತು. ನನ್ನ ಸ್ಟೀಲ್ ಡಬ್ಬಿಯ ಚಿತ್ರಾನ್ನ ಪಾಸು!

ಮಳೆಹುಳು:
ಅವರು ಕೇಳಿದ್ದು ಬೆಂಗಳೂರಿನಿಂದ ಹೋಗುವುದಕ್ಕೆ ಮೇಡಂ. ಫ್ಲಾರಿಡಾಕ್ಕೆ ಬಸ್ ಇಲ್ಲ.

ಒರ್ಲಾಂಡೊ ಕನ್ನಡತಿ:
ಅನುಭವ ಹೇಳಿ ಅಂದರು, ಹೇಳಿದೆ. ನೀವು ಇಲ್ಲಿಯವರೆಗೆ ಯಾವ ಅನುಭವ ಹೇಳಿದಿರಿ?

ಬಸವನಗುಡಿ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ತಂದೆಗೆ ಮಂಡಿ ನೋವು ಅಂದೆನಲ್ಲ, ಕಯಾಕ್‌ಗೆ ಹತ್ತಿ ಇಳಿಯುವುದು ಕಷ್ಟ ಆಗುತ್ತದಾ? ಯಾರಾದರೂ ಹಿರಿಯರನ್ನು ಕರೆದುಕೊಂಡು ಹೋಗಿದ್ದೀರಾ?

ಹಳೇ ಹುಬ್ಬಳ್ಳಿ:
ಕನೂ, ಕಯಾಕ್ ಎಲ್ಲಾ ಒಂದೇ ಮೇಡಂ, ಕನ್ನಡದಲ್ಲಿ ದೋಣಿ. ಮುಗೀತು. ನಮ್ಮ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರನ್ನು ನೋಡಿದ್ದೀರಾ? ದುಂಡಗಿನ ಬುಟ್ಟಿ, ಒಂದೇ ಹುಟ್ಟು. ಅದನ್ನು ನೇರ ಓಡಿಸುತ್ತಾರೆ. ನಿಮ್ಮ ಯಜಮಾನರನ್ನು ಅಲ್ಲಿ ಒಂದು ವಾರ ಬಿಡಿ.

ಕೋಟದ ಮಾಣಿ:
ಹರಿಗೋಲು ದೋಣಿ ಅಲ್ಲ. ಮೊದಲು ಅದು ಗೊತ್ತಿರಲಿ.

ಹಳೇ ಹುಬ್ಬಳ್ಳಿ:
ತೇಲುವುದೆಲ್ಲಾ ನಿಮ್ಮನ್ನು ಕೇಳಿ ಹೆಸರು ಇಟ್ಟುಕೊಳ್ಳಬೇಕಾ?

ಸಜ್ಜೆ ಮೇಲಿನ ದೋಣಿ:
ಕೋಟದವರೇ, ರಾತ್ರಿಯೆಲ್ಲಾ ಯೋಚನೆ ಮಾಡಿದೆ. ಬಲೆ ವಿಷಯ ನನ್ನದೇ ತಪ್ಪು. ದಡಕ್ಕೆ ಬಂದಾಗ ಒಬ್ಬರು ಮುದುಕರು ಕೂತಿದ್ದರು. ಹೇಳಲು ಧೈರ್ಯ ಬರಲಿಲ್ಲ, ಕಾರು ಹತ್ತಿದೆವು. ಈಗ ಯಾರಿಗೆ ಕೊಡಲಿ ದುಡ್ಡು?

ಕೋಟದ ಮಾಣಿ:
ಯಾವ ತಿಂಗಳು? ಸೇತುವೆಯ ಯಾವ ಕಡೆ?

ಸಜ್ಜೆ ಮೇಲಿನ ದೋಣಿ:
ಜನವರಿ, ಹೋದ ವರ್ಷ. ಸೇತುವೆಯಿಂದ ಪಶ್ಚಿಮಕ್ಕೆ. ಮುದುಕರ ತಲೆಗೆ ಕೆಂಪು ಮುಂಡಾಸು ಇತ್ತು.

ಕೋಟದ ಮಾಣಿ:
ಮಾವ ತಲೆಗೆ ಏನೂ ಕಟ್ಟುವುದಿಲ್ಲ. ಅವರಲ್ಲ. ಕೇಳಿ ನೋಡುತ್ತೇನೆ.

ಮಳೆಹುಳು:
ಆ ಗಾಳಿ ದೋಣಿ ಇನ್ನೂ ಇದೆಯಾ ಸರ್? 3,000ಕ್ಕೆ ಕೊಡ್ತೀರಾ?

ಸಜ್ಜೆ ಮೇಲಿನ ದೋಣಿ:
8,000. ಜಾಕೆಟ್ ಸೇರಿ.

ಮಳೆಹುಳು:
ತೇಪೆ ಎಷ್ಟಿದೆ?

ಸಜ್ಜೆ ಮೇಲಿನ ದೋಣಿ:
ಎರಡು. ಕೆರೆಯದ್ದು ಸೇರಿದರೆ ಮೂರು.

ಬಸವನಗುಡಿ ಅಪ್ಪ:
ಮಂಡಿ ನೋವಿನ ಬಗ್ಗೆ ಯಾರಾದರೂ?