ಶೆಲ್‌ನಲ್ಲಿ ಸಿಗುವ ಸಿಎಸ್‌ವಿ ರೀಡರ್ ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಸಿಗುತ್ತಿಲ್ಲ

ಘಟಪ್ರಭಾ_ದಂಡೆ (ಬಾಗಲಕೋಟೆ):
ಕಬ್ಬಿನ ತೂಕದ ಚೀಟಿಗಳ ಲೆಕ್ಕವನ್ನು ಓದಿ ಗಾಡಿವಾರು ಮೊತ್ತ ತೆಗೆಯುವ ಸಣ್ಣ ಪೈಥಾನ್ ಪ್ರೋಗ್ರಾಮೊಂದನ್ನು ಬರೆದಿದ್ದೇನೆ. ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ಅದು ಇಂದು ಬೆಳಿಗ್ಗೆಯಿಂದ, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯ ಫೈಲುಗಳನ್ನು ಓದಲು ಪೈಥಾನಿನ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲಿನಲ್ಲಿ ರೀಡರ್ ಎಂಬುದೇ ಇಲ್ಲವೆಂದು ಹೇಳಿ ನಿಲ್ಲುತ್ತಿದೆ. ಟರ್ಮಿನಲ್ ತೆರೆದು ಪೈಥಾನ್ ಶೆಲ್‌ನಲ್ಲಿ ಅದೇ ಎರಡು ಸಾಲು ಕೊಟ್ಟರೆ ಯಾವ ತಕರಾರೂ ಇಲ್ಲ. ಹಳೆಯ ಇನ್‌ಸ್ಟಾಲರಿನಿಂದ ಪೈಥಾನನ್ನು ಎರಡು ಬಾರಿ ತೆಗೆದು ಹಾಕಿದ್ದಾಯಿತು. ನಾನು ಏನನ್ನೂ ಬದಲಿಸಿಲ್ಲ.

ಗುಮ್ಮಟ_ಪ್ರತಿಧ್ವನಿ (ವಿಜಯಪುರ):
ಫೋಲ್ಡರನ್ನು ಪ್ಯಾಕೇಜೆಂದು (ಮಾಡ್ಯೂಲುಗಳ ಕಟ್ಟು) ಗುರುತಿಸುವ ಇನಿಟ್ ಫೈಲು ಅದರಲ್ಲಿ ಇಲ್ಲದಿದ್ದರೆ ಇಂಪೋರ್ಟ್, ಅಂದರೆ ಮಾಡ್ಯೂಲನ್ನು ಪ್ರೋಗ್ರಾಮಿಗೆ ತರಿಸಿಕೊಳ್ಳುವುದು, ಹೀಗೆಯೇ ಕೈಕೊಡುತ್ತದೆ. ಖಾಲಿಯಾದರೂ ಸರಿ, ಒಂದನ್ನು ಇಡಿರಿ.

ಘಟಪ್ರಭಾ_ದಂಡೆ:
ಇಟ್ಟೆ ಸರ್. ಅದೇ ದೋಷ.

ಗುಮ್ಮಟ_ಪ್ರತಿಧ್ವನಿ:
ಹಾಗಾದರೆ ಹೆಸರಿನ ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್ ಹಾಕಿರಲಿಕ್ಕಿಲ್ಲ. ಮೇಲಿನ ಫೋಲ್ಡರಿನಲ್ಲಿಯೂ ಒಂದು ಇಟ್ಟು ನೋಡಿರಿ.

ಕುಂದಾ_ಪ್ರಿಯ (ಬೆಳಗಾವಿ):
ಇನಿಟ್ ಫೈಲಿಲ್ಲದ ಫೋಲ್ಡರನ್ನೂ ಪ್ಯಾಕೇಜೆಂದು ಒಪ್ಪುವ ಏರ್ಪಾಡು 2012ರಲ್ಲಿ, ಪೈಥಾನಿನ 3.3ನೇ ಆವೃತ್ತಿಯೊಂದಿಗೇ ಬಂದಿದೆ. ಅವರನ್ನು ಸುಮ್ಮನೆ ಓಡಾಡಿಸಬೇಡಿರಿ. ಮಾಡ್ಯೂಲು ಸಿಗದೇ ಹೋಗಿದ್ದರೆ ಪ್ರೋಗ್ರಾಮು ಇಂಪೋರ್ಟ್ ಸಾಲಿನಲ್ಲಿಯೇ ನಿಲ್ಲಬೇಕಿತ್ತು. ಅದನ್ನು ದಾಟಿ ಬಂದು ರೀಡರ್ ಇಲ್ಲವೆನ್ನುತ್ತಿದೆಯೆಂದರೆ, ಸಿಎಸ್‌ವಿ ಎಂಬ ಹೆಸರಿಗೆ ಬೇರಾವುದೋ ಮಾಡ್ಯೂಲು ಗಂಟುಬಿದ್ದಿದೆ. ಇಂಪೋರ್ಟ್ ಸಾಲಿನ ಕೆಳಗೆ ಮಾಡ್ಯೂಲು ಯಾವ ಫೈಲಿನಿಂದ ಬಂತೆಂದು ಹೇಳುವ ಸಿಎಸ್‌ವಿ.__ಫೈಲ್__ ಎಂಬುದನ್ನು ಪ್ರಿಂಟ್ ಮಾಡಿ, ಬಂದ ದಾರಿಯನ್ನು ಇಲ್ಲಿ ಹಾಕಿರಿ.

ಘಟಪ್ರಭಾ_ದಂಡೆ:
ನನ್ನ ಕಬ್ಬಿನ ಲೆಕ್ಕದ ಫೋಲ್ಡರನ್ನೇ ತೋರಿಸುತ್ತಿದೆ. ಅಂಕಿಗಳ ನಡುವಿನ ಖಾಲಿ ಜಾಗ ತೆಗೆಯುವ ಫಂಕ್ಷನ್ನನ್ನು ನಿನ್ನೆ ರಾತ್ರಿ ಸಿಎಸ್‌ವಿ.ಪೈ ಎಂಬ ಬೇರೆ ಫೈಲಿನಲ್ಲಿ ಬರೆದಿಟ್ಟಿದ್ದೆ. ಅದನ್ನಿನ್ನೂ ಪ್ರೋಗ್ರಾಮಿಗೆ ಜೋಡಿಸಿಯೇ ಇರಲಿಲ್ಲವಾದ್ದರಿಂದ ಹೇಳಬೇಕೆನಿಸಲಿಲ್ಲ.

ಕುಂದಾ_ಪ್ರಿಯ:
ನೀವು ಜೋಡಿಸಲಿಲ್ಲ, ಪೈಥಾನೇ ಜೋಡಿಸಿಕೊಂಡಿತು. ಸ್ಕ್ರಿಪ್ಟನ್ನು ಓಡಿಸಿದಾಗ ಮಾಡ್ಯೂಲುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಸಿಸ್.ಪಾಥ್ ಪಟ್ಟಿಯ ಮೊದಲ ಸ್ಥಾನ ಆ ಸ್ಕ್ರಿಪ್ಟ್ ಇರುವ ಫೋಲ್ಡರಿನದು; ಪೈಥಾನಿನ ಜೊತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯ ಸರದಿ ಆಮೇಲೆ. ಶೆಲ್‌ನಲ್ಲಿಯಾದರೆ ನೀವು ನಿಂತ ಫೋಲ್ಡರು ಮೊದಲು, ನೀವು ಬೇರೆ ಫೋಲ್ಡರಿನಲ್ಲಿ ನಿಂತು ಪರೀಕ್ಷಿಸಿದ್ದರಿಂದ ಅಸಲಿ ಸಿಎಸ್‌ವಿ ಸಿಕ್ಕಿತು. ಪೈಥಾನ್ 3.13 ಹಾಕಿಕೊಂಡಿದ್ದರೆ, ಫೈಲಿನ ಹೆಸರು ಬದಲಿಸಿರೆಂದು ದೋಷಸಂದೇಶವೇ ಸೂಚಿಸುತ್ತಿತ್ತು.

ಗುಮ್ಮಟ_ಪ್ರತಿಧ್ವನಿ:
ಇದನ್ನು ನಾನು ಒಪ್ಪಲಾರೆ. ನನ್ನ ಫೋಲ್ಡರಿನಲ್ಲಿ ಟೈಮ್.ಪೈ ಎಂಬ ಫೈಲು ಎರಡು ವರ್ಷದಿಂದ ಇದೆ, ಟೈಮ್ ಮಾಡ್ಯೂಲಿನ ಸ್ಲೀಪ್ ಇಂದಿಗೂ ಸರಿಯಾಗಿ ನಡೆಯುತ್ತಿದೆ.

ಕುಂದಾ_ಪ್ರಿಯ:
ಟೈಮ್ ಎಂಬುದು ಪೈಥಾನ್ ಪ್ರೋಗ್ರಾಮನ್ನು ಓಡಿಸುವ ಇಂಟರ್‌ಪ್ರಿಟರಿನ ಒಳಗೇ ಸೇರಿರುವ ಮಾಡ್ಯೂಲು. ಅಂಥವುಗಳನ್ನು ಸಿಸ್.ಪಾಥ್ ನೋಡುವ ಮೊದಲೇ ಹುಡುಕಲಾಗುತ್ತದೆ. ಅಂದರೆ ನಿಮ್ಮ ಟೈಮ್.ಪೈ ಈ ಎರಡು ವರ್ಷದಲ್ಲಿ ಒಮ್ಮೆಯೂ ಇಂಪೋರ್ಟ್ ಆಗಿಲ್ಲ.

ಘಟಪ್ರಭಾ_ದಂಡೆ:
ಫೈಲಿಗೆ ತೂಕ_ಶುದ್ಧಿ.ಪೈ ಎಂದು ಹೆಸರಿಟ್ಟೆ, ಗಾಡಿವಾರು ಮೊತ್ತ ಬಂದಿತು. ಆ ಎರಡು ಇನಿಟ್ ಫೈಲುಗಳನ್ನು ಅಳಿಸಬಹುದೇ ಸರ್?

ಗುಮ್ಮಟ_ಪ್ರತಿಧ್ವನಿ:
ಇರಲಿ ಬಿಡಿರಿ.